ಮಗುವನ್ನು ಒಂಟಿಯಾಗಿ ಸಿಟಿ ಬಸ್ಸಿಗೆ ಹತ್ತಿಸುವುದು ಹೇಗೆ?

ಪಿಯುಸಿ ಮುಗಿಸಿದ ಹುಡುಗನನ್ನು ಸಿಇಟಿ ಕೇಂದ್ರಕ್ಕೆ ಬಿಟ್ಟು, ಗೇಟಿನಾಚೆ ಮರದಡಿ ನೀರಿನ ಬಾಟಲಿ ಹಿಡಿದು ಕಾಯುವ ಅಪ್ಪಂದಿರನ್ನು ಪ್ರತಿವರ್ಷ ನೋಡುತ್ತೇನೆ. ಕೆಲವೇ ತಿಂಗಳಲ್ಲಿ ಅದೇ ಹುಡುಗ ಹಾಸ್ಟೆಲಿಗೆ ಹೋಗುತ್ತಾನೆ, ಕಂಡಕ್ಟರ್ ಹತ್ತಿರ ಬಾಕಿ ಚಿಲ್ಲರೆ ಕೇಳಲೂ ನಾಲಿಗೆ ಏಳುವುದಿಲ್ಲ. ಹನ್ನೊಂದು–ಹನ್ನೆರಡರ ವಯಸ್ಸಿಗೇ ಶುರು ಮಾಡಿ. ಅದಕ್ಕೆ ಸಿಟಿ ಬಸ್ಸೇ ಸರಿ. ಆ್ಯಪ್‌ನಲ್ಲಿ ಆಟೊ ಬುಕ್ ಮಾಡಿ ಕೂರಿಸಿದರೆ ಮಗು ಕಲಿಯುವುದೇನೂ ಇಲ್ಲ.

ಮೊದಲು ದಾರಿ ಆರಿಸಿ: ಒಂದೇ ಬಸ್ಸು, ಆಚೆ ತುದಿಯಲ್ಲಿ ಅಜ್ಜಿ ಮನೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸುವ ದಾರಿ ಸದ್ಯಕ್ಕೆ ಬೇಡ, ಅಲ್ಲಿ ಪ್ಲಾಟ್‌ಫಾರಂ ಹುಡುಕಿ ದೊಡ್ಡವರೇ ಸುಸ್ತಾಗುತ್ತೇವೆ.

ಆಮೇಲೆ ಎರಡು ಸಲ ಜೊತೆಗೆ ಹೋಗಿಬನ್ನಿ. ಇಳಿಯುವ ಸ್ಟಾಪಿಗಿಂತ ಅದರ ಹಿಂದಿನ ಸ್ಟಾಪಿನ ಗುರುತು ಮುಖ್ಯ. ನಮಗೆ ಅದು ಒಂದು ಪೆಟ್ರೋಲ್ ಬಂಕ್. ಎರಡನೇ ಸಲ ಬೇಕೆಂದೇ ಒಂದು ಸ್ಟಾಪ್ ಮುಂದೆ ಹೋಗಿ ಇಳಿದು, ವಾಪಸ್ ನಡೆದು ಬನ್ನಿ. ಸ್ಟಾಪ್ ತಪ್ಪಿದರೆ ಮುಳುಗಿಹೋಗುವುದಿಲ್ಲ ಎಂಬುದು ಕಾಲಿಗೆ ಗೊತ್ತಾಗಬೇಕು.

ಎಲ್ಲರೂ ಎಡವುವುದು ಮೂರನೇ ಸಲ. ಬಸ್ಸು ಒಂದೇ, ಸೀಟು ಬೇರೆ. ನೀವು ಹಿಂದೆ ಅಪರಿಚಿತರ ಹಾಗೆ ಕೂರಬೇಕು. ಕಂಡಕ್ಟರ್ ‘ಎಲ್ಲಿಗೆ?’ ಅಂದ ತಕ್ಷಣ ಮಗು ತಿರುಗಿ ನಿಮ್ಮ ಮುಖ ನೋಡುತ್ತದೆ. ಆಗ ಕಿಟಕಿಯಾಚೆ ನೋಡಿ. ಮಗಳ ಸರದಿಯಲ್ಲಿ ನಾನು ತಡೆಯಲಾರದೆ ನಾಲ್ಕು ತಲೆ ದಾಟಿ ‘ಗಾಂಧಿ ಬಜಾರ್’ ಎಂದು ಕೂಗಿದ್ದೆ. ಆಮೇಲೆ ಒಂದು ತಿಂಗಳು ಅವಳು ಬಸ್ಸಿನಲ್ಲಿ ಬಾಯಿಯೇ ಬಿಡಲಿಲ್ಲ. (ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಆದರೂ ಶೂನ್ಯ ಟಿಕೆಟನ್ನು ಕೇಳಿ ಪಡೆಯಲೇಬೇಕು. ಅದನ್ನೂ ಅವಳೇ ಕೇಳಲಿ.)

ಮಗನ ಸರದಿಗೆ ತುಟಿ ಕಚ್ಚಿಕೊಂಡೆ. ಐವತ್ತರ ನೋಟು ಕೊಟ್ಟ. ಕಂಡಕ್ಟರ್ ಟಿಕೆಟಿನ ಬೆನ್ನಿಗೆ 38 ಎಂದು ಗೀಚಿ ಮುಂದೆ ಹೋದರು. ಸ್ಟಾಪ್ ಬಂತು, ಚಿಲ್ಲರೆ ಕೇಳದೆ ಇಳಿದೇಬಿಟ್ಟ. ನನ್ನ ಬಾಯಲ್ಲಿ ‘ಲೋ, ಚಿಲ್ಲರೆ’ ಬಂದು ನಿಂತಿತ್ತು. ನುಂಗಿಕೊಂಡೆ. ಮನೆಯಲ್ಲಿ ಜೇಬು ತಡಕಿದಾಗ ಟಿಕೆಟ್ ಕೈಗೆ ಬಂತು, ಮುಖ ಸಣ್ಣದಾಯಿತು. ಆ ದುಡ್ಡನ್ನು ನಾನು ತುಂಬಿಕೊಡಲಿಲ್ಲ. ನೀವೂ ಕೊಡಬೇಡಿ. ಮುಂದಿನ ವಾರ ಎರಡು ಸ್ಟಾಪ್ ಇರುವಾಗಲೇ ಎದ್ದು, ಟಿಕೆಟ್ ಮುಂದೆ ಹಿಡಿದು ಕಂಡಕ್ಟರ್ ಪಕ್ಕ ನಿಂತಿದ್ದ.

ಇಷ್ಟಾದ ಮೇಲೆ ಒಂಟಿಯಾಗಿ ಕಳಿಸಿ. ಜೇಬಿನಲ್ಲಿ ನೂರು ರೂಪಾಯಿ ಹೆಚ್ಚಿಗೆ, ಚೀಟಿಯಲ್ಲಿ ನಿಮ್ಮ ನಂಬರ್, ಅಜ್ಜಿ ಮನೆಯದು, ಮಕ್ಕಳ ಸಹಾಯವಾಣಿ 1098. ಜಿಪಿಎಸ್ ವಾಚಿಗೆ ದುಡ್ಡು ಸುರಿಯಬೇಡಿ. ನಾವು ತಂದದ್ದು ಅಜ್ಜಿ ಮನೆಯಲ್ಲಿ ಕೂತ ಹುಡುಗನನ್ನು ಕೆರೆಯ ನಡುವೆ ತೋರಿಸಿ, ಮನೆಮಂದಿಯ ಎದೆ ಒಡೆಸಿತ್ತು. ‘ಹತ್ತಿದ್ಯಾ? ಎಲ್ಲಿದ್ದೀಯ?’ ಎಂಬ ಫೋನುಗಳೂ ಬೇಡ. ತಲುಪಿದ ಮೇಲೆ ಒಂದು ಕರೆ ಸಾಕು.

ಬಸ್ಸು ರೂಢಿಯಾದರೆ ಮುಂದಿನದು ಬ್ಯಾಂಕು. ಹತ್ತು ದಾಟಿದ ಮಕ್ಕಳಿಗೆ ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ಹೇಳುತ್ತದೆ. ಚಲನ್ ತಪ್ಪಾದರೆ ಇನ್ನೊಂದು ಹಾಳೆ ಸಿಗುತ್ತದೆ, ಪೆನ್ನು ಕಿತ್ತುಕೊಳ್ಳಬೇಡಿ.