ಔಷಧಿ ಪೈಪಿನೊಳಗಿನ ದಾರ

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದ್ದವರಿಗೆ ಮಳೆ ಹಿಡಿಯುವ ಮೊದಲು ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯುವ ಗಡಿಬಿಡಿ ಗೊತ್ತೇ ಇದೆ. ಮೂರು ವರ್ಷದ ಹಿಂದೆ ಹೊಸ ಪೈಪ್ ತಂದು, ಪಂಪಿನಿಂದ ತೋಟದ ಆ ತುದಿವರೆಗೆ ಬಿಗಿಯಾಗಿ ಎಳೆದು ಕಟ್ಟಿದ್ದೆ. ಒತ್ತಡ ಏರುತ್ತಿದ್ದಂತೆ ಪೈಪ್ ಕ್ಲಿಪ್ಪಿನಿಂದ ಕಿತ್ತು ಬಂತು. ಔಷಧಿಯೆಲ್ಲ ಬಸಿಗಾಲುವೆ ಪಾಲು. ಕ್ಲಿಪ್ ಇನ್ನೂ ಬಿಗಿ ಮಾಡಿದೆ. ಮತ್ತೆ ಅದೇ ಕಥೆ.

ಮರುದಿನ ಪೈಪನ್ನು ಅಂಗಳದಲ್ಲಿ ನೇರ ಮಲಗಿಸಿ, ಒಂದು ಮೀಟರ್ ಅಂತರದಲ್ಲಿ ಸೀಮೆಸುಣ್ಣದ ಎರಡು ಗೆರೆ ಎಳೆದೆ. ತುದಿ ಮುಚ್ಚಿ ಪಂಪ್ ಓಡಿಸಿದೆ. ಒತ್ತಡಕ್ಕೆ ಪೈಪ್ ಉದ್ದ ಆಗುತ್ತದೆ ಅಂತ ನನ್ನ ಎಣಿಕೆ. ಅಳೆದರೆ 97 ಸೆಂ.ಮೀ.! 30 ಮೀಟರ್ ಪೈಪಿಗೆ 90 ಸೆಂ.ಮೀ. ಗಿಡ್ಡ. ಕಿತ್ತು ಬರದೆ ಇನ್ನೇನಾಗುತ್ತದೆ?

ತುದಿಯಲ್ಲಿ ಗೇಣುದ್ದ ಕತ್ತರಿಸಿ ಮೇಲ್ಪದರ ಹೆರೆದೆ. ಒಳಗೆ ದಾರ, ಎರಡು ಕಡೆಯಿಂದ ಓರೆಯಾಗಿ ಸುತ್ತಿಕೊಂಡಿತ್ತು. ಮಗನ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ನೋಡಿದೆ. ಪೈಪಿನ ಉದ್ದಕ್ಕೆ 48 ಡಿಗ್ರಿ.

ಗುಟ್ಟು ಅಲ್ಲೇ ಇತ್ತು. ಬಾಯಿ ಮುಚ್ಚಿದ ಪೈಪಿನಲ್ಲಿ ನೀರು ಉದ್ದಕ್ಕೆ ಎಳೆಯುವುದಕ್ಕಿಂತ ಎರಡು ಪಟ್ಟು ಜಾಸ್ತಿ ಸುತ್ತಳತೆಯ ಕಡೆ ಎಳೆಯುತ್ತದೆ. ಎರಡನ್ನೂ ದಾರವೇ ಸರಿಯಾಗಿ ಹೊರಬೇಕಾದರೆ ಅದರ ಓರೆ ಸುಮಾರು 54.7 ಡಿಗ್ರಿ ಇರಬೇಕು. ಕಡಿಮೆ ಇದ್ದರೆ ದಾರ ಆ ಕೋನದ ಕಡೆಗೇ ವಾಲುತ್ತದೆ. ಆಗ ಪೈಪ್ ದಪ್ಪ ಆಗಿ ಗಿಡ್ಡವಾಗುತ್ತದೆ. ಜಾಸ್ತಿ ಇದ್ದರೆ ಉದ್ದವಾಗುತ್ತದೆ. ದಾರ ಹಿಗ್ಗುವುದು ತೀರಾ ಕಡಿಮೆ, ಅದು ತಿರುಗುತ್ತದೆ ಅಷ್ಟೇ.

ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಪಕ್ಕದ ತೋಟದಿಂದ ರಬ್ಬರ್ ಹಾಲು ತಂದು, ಹಳೇ ಪಂಚೆಯ ತುಂಡನ್ನು ಅದ್ದಿ ಒಣಗಿಸಿದೆ. (ಔಷಧಿ ಪೈಪಿಗೆ ಈ ರಬ್ಬರ್ ಹೊಂದುವುದಿಲ್ಲ. ಮೈಲುತುತ್ತದ ತಾಮ್ರ ಅದನ್ನು ಬೇಗ ಕೆಡಿಸುತ್ತದೆ.) 20 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿದೆ. ಒಂದು ನೂಲಿನ ನೇರಕ್ಕೆ, ಇನ್ನೊಂದು 45 ಡಿಗ್ರಿ ಓರೆಗೆ. ಜಗಲಿಯ ತೊಲೆಗೆ ಕಟ್ಟಿ, ನೀರಿನ ಬಾಟಲಿ ತೂಗುಹಾಕಿದೆ.

ನೇರ ಪಟ್ಟಿ ಕದಲಲೇ ಇಲ್ಲ. ಓರೆ ಪಟ್ಟಿ ಮೊದಲ ಅರ್ಧ ಲೀಟರಿಗೇ 3 ಸೆಂ.ಮೀ. ಇಳಿಯಿತು. ಆಮೇಲಿನ ಒಂದೊಂದು ಬಾಟಲಿಗೂ ಇಳಿತ ಕಡಿಮೆಯಾಗುತ್ತಾ ಬಂದು, 25 ಸೆಂ.ಮೀ.ಗೆ ನಿಂತೇ ಬಿಟ್ಟಿತು. ನೂಲೆಲ್ಲ ಎಳೆತದ ಕಡೆಗೆ ತಿರುಗಿ ಒಟ್ಟೊಟ್ಟಿಗೆ ಸೇರಿಕೊಂಡಿತ್ತು. ಮೊದಲು ಎಳೆತ ತಡೆದದ್ದು ರಬ್ಬರ್, ಆಮೇಲೆ ನೂಲು. ನಡುವಿನ ಅಗಲ 2 ಸೆಂ.ಮೀ. ಆಗಿತ್ತು. ಬೆರಳಲ್ಲಿ ಹಿಡಿದರೆ ಪಟ್ಟಿ ಮೊದಲಿಗಿಂತ ದಪ್ಪ! ಉದ್ದ ಹೆಚ್ಚಿದ್ದು ಕಾಲು ಪಾಲು, ಅಗಲ ಕುಗ್ಗಿದ್ದು ಮೂರರಲ್ಲೊಂದು ಪಾಲು. ರಬ್ಬರಿನ ಗಾತ್ರ ಎಲ್ಲೂ ಹೋಗುವುದಿಲ್ಲ, ಅಲ್ವಾ? ಎಳೆದಷ್ಟೂ ದಪ್ಪವಾದ ಆ ಪಟ್ಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಈಗ ಪೈಪ್ ತರುವಾಗ ಕೋನಮಾಪಕ ಜೇಬಿನಲ್ಲೇ ಇರುತ್ತದೆ. ಪಾರದರ್ಶಕ ಪೈಪ್ ಆದರೆ ಕೊಯ್ಯುವುದೂ ಬೇಡ, ದಾರ ಹೊರಗೇ ಕಾಣುತ್ತದೆ. ಮೊದಲ ಸಲದ ಅಳತೆ ನಂಬಬೇಡಿ. ನಾಲ್ಕೈದು ಸಲ ಒತ್ತಡ ಕೊಟ್ಟು, ಬಿಟ್ಟು, ಆಮೇಲೆ ಅಳೆಯಿರಿ. ಹೋದ ವರ್ಷ ತಂದದ್ದು 54ರ ಆಸುಪಾಸಿನದು. ಸೀಮೆಸುಣ್ಣದ ಗೆರೆ ಅರ್ಧ ಸೆಂ.ಮೀ. ಕೂಡ ಸರಿಯಲಿಲ್ಲ.