ಲಾಸ್ ಬಾನ್ಯೋಸಿಗೆ ಬರುವ ಕನ್ನಡಿಗರಿಗೆ: ಮೊದಲು ಮೊಸರು, ಮಿಕ್ಕದ್ದು ಆಮೇಲೆ

ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದಿದವರು ಫಿಲಿಪ್ಪೀನ್ಸಿಗೆ ಬಂದರೆ ಬಿಡಾರ ಹೂಡುವುದು ಹೆಚ್ಚಾಗಿ ಮನಿಲಾದಲ್ಲಲ್ಲ, ಅದರ ದಕ್ಷಿಣಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ಲಾಸ್ ಬಾನ್ಯೋಸಿನಲ್ಲಿ. 1960ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಇಲ್ಲೇ. ಒಂದು ಕಡೆ ಮಕಿಲಿಂಗ್ ಬೆಟ್ಟ, ಇನ್ನೊಂದು ಕಡೆ ಲಗುನಾ ಸರೋವರ, ನಡುವೆ ಪುಟ್ಟ ಊರು. ಕೆಲಸ ಹೊಂದಿಕೊಳ್ಳುತ್ತದೆ. ಹೊಂದದಿರುವುದು ಹೊಟ್ಟೆ ಮತ್ತು ಸಂಜೆ.

ಮೊಸರಿನಿಂದ ಶುರುಮಾಡಿ. ಅಂಗಡಿಯ ಯೋಗರ್ಟ್‌ಗಳಲ್ಲಿ ಬಹುಪಾಲಿಗೆ ಸಕ್ಕರೆ ಹಾಕಿರುತ್ತಾರೆ. ಡಬ್ಬಿ ಹಾಲಿನಲ್ಲಿ ಹಲವು ಬಗೆ ಪುಡಿಯಿಂದ ಮಾಡಿದ್ದು, ಮೊಸರು ಅಷ್ಟು ಚೆನ್ನಾಗಿ ಬರದಿರಬಹುದು. ಇಲ್ಲಿನ ವಿಶ್ವವಿದ್ಯಾಲಯದ ಡೇರಿ ತರಬೇತಿ ಸಂಸ್ಥೆ ಮಾರುವ ಹಾಲು ಇದಕ್ಕೆ ಒಳ್ಳೆಯದು. ಹೆಪ್ಪಿಗೆ ಗತಿಯಿಲ್ಲದಿದ್ದರೆ ಬೆಚ್ಚಗಿನ ಒಂದು ಲೋಟ ಹಾಲಿಗೆ ತೊಟ್ಟು ಸಮೇತ ಐದಾರು ಒಣಮೆಣಸಿನಕಾಯಿ ಹಾಕಿ ಹತ್ತು-ಹನ್ನೆರಡು ಗಂಟೆ ಮುಚ್ಚಿಡಿ. ಮೊದಲ ಸಲ ನೀರುನೀರಾಗಿರುತ್ತದೆ. ಅದನ್ನು ತಿನ್ನಬೇಡಿ, ಹೆಪ್ಪಾಗಿ ಬಳಸಿ. ಎರಡನೆಯದು ಸರಿಬರುತ್ತದೆ. ಇಲ್ಲಿನ ಸೆಕೆಗೆ ನಾಲ್ಕೈದು ಗಂಟೆ ಸಾಕು, ರಾತ್ರಿಯಿಡೀ ಬಿಟ್ಟರೆ ಹುಳಿ.

ದೋಸೆ ಹಿಟ್ಟಿಗೂ ಇದೇ ಮಾತು. ಸಂಜೆ ರುಬ್ಬಿ ಬೆಳಗಿನವರೆಗೆ ಹೊರಗಿಟ್ಟರೆ ಉಕ್ಕಿ ಚೆಲ್ಲಿರುತ್ತದೆ. ಆರು ಗಂಟೆಯಾದ ಮೇಲೆ ಉಪ್ಪು ಹಾಕಿ ಫ್ರಿಜ್ಜಿಗಿಡಿ. ಅಕ್ಕಿ ಅಂಗಡಿಯಲ್ಲಿ 'ಲಾಓನ್' ಕೇಳಿ, ಹಳೆ ಅಕ್ಕಿ ಕೊಡುತ್ತಾರೆ. ಇಲ್ಲಿಯವರು ಮೆಚ್ಚುವ ಮೆತ್ತನೆಯ ಹೊಸ ಅಕ್ಕಿಯಲ್ಲಿ ಚಿತ್ರಾನ್ನ ಮುದ್ದೆಯಾಗುತ್ತದೆ. 'ಪಿನಿಪಿಗ್' ನೋಡಲು ಅವಲಕ್ಕಿಯಂತಿದ್ದರೂ ಅಂಟಕ್ಕಿಯದು, ಒಗ್ಗರಣೆಗೆ ಹಾಕಿ ಕೆಡಿಸಬೇಡಿ.

ಮಿಕ್ಸಿ ತರಬಹುದು. ಕರೆಂಟು 220 ವೋಲ್ಟೇ, ಆದರೆ 60 ಹರ್ಟ್ಸ್. ಮಿಕ್ಸಿಗೆ ಅದರಿಂದ ತೊಂದರೆಯಿಲ್ಲ. ವೆಟ್ ಗ್ರೈಂಡರಿನ ಮೋಟಾರು ಮಾತ್ರ ಐದನೇ ಒಂದರಷ್ಟು ಜೋರಾಗಿ ತಿರುಗಿ ಬಿಸಿಯಾಗುತ್ತದೆ, ನಡುನಡುವೆ ನಿಲ್ಲಿಸಬೇಕು. ಸಾಕೆಟ್ಟು ಚಪ್ಪಟೆ ಕಾಲಿನ ಎರಡು ಪಿನ್ನಿನದು. ಹಳೆ ಮನೆಗಳಲ್ಲಿ ಅರ್ಥಿಂಗ್ ಇರುವುದಿಲ್ಲ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಕುಕ್ಕರಿನ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಎರಡೆರಡು ತನ್ನಿ. ಇಲ್ಲಿ ನಮ್ಮ ಅಳತೆಯದು ಸಿಗುವುದಿಲ್ಲ, ಒಂದು ರಬ್ಬರು ಹರಿದರೆ ಬೇಳೆ ಬೇಯುವುದು ನಿಂತಿತು.

ತರಕಾರಿ ಹೊತ್ತು ತರಬೇಡಿ ಎಂದು ಊರಿನಲ್ಲಿ ಅಮ್ಮನಿಗೂ ಹೇಳಿ. ಹಾಗಲ, ಸೋರೆ, ಹೀರೆ, ಬೆಂಡೆ, ಅಲಸಂದೆ, ಬಾಳೆಹೂ, ಕೆಸು, ಹಲಸು ಎಲ್ಲ ಸಂತೆಯಲ್ಲಿವೆ. ನುಗ್ಗೆಸೊಪ್ಪು ಬೇಲಿಯಲ್ಲೇ ಬೆಳೆದಿರುತ್ತದೆ, 'ಮಲುಂಗ್ಗಾಯ್' ಎಂದು ಕೇಳಿದರೆ ನೆರೆಯವರೇ ಮುರಿದು ಕೊಟ್ಟಾರು. ತೆಂಗಿನಕಾಯಿಯನ್ನು ಕಣ್ಣೆದುರೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಊರಿನಿಂದ ತರಬೇಕಾದ್ದು ಬ್ಯಾಡಗಿ ಮೆಣಸಿನಕಾಯಿ, ರಾಗಿಹಿಟ್ಟು, ಮನೆಯ ಸಾರಿನ ಪುಡಿ. ತೊಗರಿಬೇಳೆ, ಉದ್ದು, ಇಂಗಿಗೆ ಮನಿಲಾದ ಪಾಕೊ ಕಡೆ, ಯುನೈಟೆಡ್ ನೇಷನ್ಸ್ ಅವೆನ್ಯೂ ಸುತ್ತಲಿನ ಭಾರತೀಯ ಅಂಗಡಿಗಳಿವೆ. ಗುರುದ್ವಾರವೂ ಮಹಾತ್ಮ ಗಾಂಧಿ ಬೀದಿಯ ಹಿಂದೂ ದೇವಸ್ಥಾನವೂ ಅಲ್ಲೇ. ಒಂದೇ ದಿನದಲ್ಲಿ ಮೂರೂ ಮುಗಿಯುತ್ತವೆ.

ಹೊರಗೆ ತಿನ್ನುವ ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಹಂದಿಮಾಂಸದ ಚೂರು ಹೆಕ್ಕಿ ತೆಗೆದು ಕೊಡುವುದೂ ಉಂಟು, ಕೆಟ್ಟ ಮನಸ್ಸಿನಿಂದಲ್ಲ. ಪಿನಕ್‌ಬೆಟ್ ಬರೀ ತರಕಾರಿಯಂತೆ ಕಂಡರೂ ಅದರಲ್ಲಿ ಹುದುಗಿಸಿದ ಸಿಗಡಿ, ಅಂದರೆ 'ಬಗೋಓಂಗ್' ಇರುತ್ತದೆ. ಹೆಸರುಕಾಳಿನ ಸಾರಿಗೆ ಹಂದಿಯೋ ಒಣಮೀನೋ ಬಿದ್ದಿರುತ್ತದೆ. 'ವಲಾಂಗ್ ಕಾರ್ನೆ, ವಲಾಂಗ್ ಇಸ್ದಾ, ವಲಾಂಗ್ ಪಾತಿಸ್, ವಲಾಂಗ್ ಬಗೋಓಂಗ್ ಪೋ' (ಮಾಂಸ, ಮೀನು, ಮೀನಿನ ಸಾಸು, ಬಗೋಓಂಗ್ ಯಾವುದೂ ಇರಬಾರದು) ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ.

ಆ ಕೊನೆಯ 'ಪೋ' ನಮ್ಮ 'ರೀ'ಯಂತೆ ಮರ್ಯಾದೆಯ ಮಾತು, ಎಲ್ಲೆಲ್ಲೂ ಬೇಕು. ಇಲ್ಲಿನ ಉದ್ದನೆಯ ಪ್ರಯಾಣಿಕರ ಜೀಪಾದ ಜೀಪ್ನಿಯಲ್ಲಿ 'ಬಾಯಾದ್ ಪೋ' (ಇದೋ ದುಡ್ಡು) ಎಂದು ಚಿಲ್ಲರೆಯನ್ನು ಮುಂದಿನವರ ಕೈಗೆ ಕೊಟ್ಟರೆ ಕೈಯಿಂದ ಕೈಗೆ ಡ್ರೈವರನ್ನು ತಲುಪುತ್ತದೆ. ಇಳಿಯಲು 'ಪಾರಾ ಪೋ'. ಬೆಳಿಗ್ಗೆಯೇ ದೊಡ್ಡ ನೋಟು ಕೊಟ್ಟರೆ ಮುಖ ಗಂಟಿಕ್ಕುತ್ತಾರೆ. ಮಕ್ಕಳು 'ಬೊಂಬಾಯ್' ಎಂದು ಕೂಗಬಹುದು. ಬೈಕಿನಲ್ಲಿ ಬಂದು ಸಾಲ ಕೊಡುವ ಪಂಜಾಬಿಗಳಿಗೆ ಅಂಟಿದ ಹೆಸರು ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸಿಮ್ಮನ್ನು ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಬೇಕು. ಪ್ರವಾಸಿ ಎಂದು ಬರೆಸಿದರೆ 30 ದಿನಕ್ಕೆ ಸತ್ತುಹೋಗುತ್ತದೆ. ಊರಿನ ಬ್ಯಾಂಕಿನ ಒಟಿಪಿಗಾಗಿ ಭಾರತದ ಸಿಮ್ಮಿಗೆ ರೋಮಿಂಗ್ ಹಾಕಿಸಿಯೇ ವಿಮಾನ ಹತ್ತಿ.

ಜೂನ್‌ನಿಂದ ನವೆಂಬರ್ ಬಿರುಗಾಳಿಯ ಕಾಲ. ಎಚ್ಚರಿಕೆ ಸಿಗ್ನಲ್ 1ರಿಂದ 5ರವರೆಗೆ. ಸಿಗ್ನಲ್ ಏರಿತೆಂದರೆ ಬಕೆಟ್ ತುಂಬಿಸಿ, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ಮೊಬೈಲ್ ಹಣವನ್ನೇ ನಂಬದೆ ನಗದು ಇಟ್ಟುಕೊಳ್ಳಿ. ಬಾಡಿಗೆ ಅಗ್ಗವೆಂದು ಸರೋವರದ ಅಂಚಿನ ಮನೆ ಹಿಡಿಯಬೇಡಿ, ಏರಿದ ನೀರು ಬೇಗ ಇಳಿಯುವುದಿಲ್ಲ.

ಇನ್ನು ಸಂಜೆ. ಆರು ಗಂಟೆಯ ಆಸುಪಾಸಿಗೆ ಕತ್ತಲು, ಪಕ್ಕದ ಮನೆಯಲ್ಲಿ ವಿಡಿಯೋಕೆ (ಟಿವಿ ನೋಡಿಕೊಂಡು ಹಾಡುವ ಕರೋಕೆ) ಹಾಡು. ಊರಿಗಿಂತ ಇಲ್ಲಿ ಎರಡೂವರೆ ಗಂಟೆ ಮುಂದೆ. ಮನೆಯವರು ಊಟ ಮುಗಿಸಿ ಮಾತಿಗೆ ಕೂರುವ ಒಂಬತ್ತಕ್ಕೆ ನಿಮಗೆ ಹನ್ನೊಂದೂವರೆ. ದಿನವೂ ಹೀಗೆ ನಿದ್ದೆಗೆಟ್ಟರೆ ಕೊರಗು ಹೆಚ್ಚುತ್ತದೆ. ಇಲ್ಲಿನ ಬೆಳಗಿನ ಎಂಟೂವರೆಗೆ ಅಲ್ಲಿ ಆರು, ಕಾಫಿಯ ಹೊತ್ತು. ಆಗ ಹತ್ತು ನಿಮಿಷ ಮಾತಾಡಿ. ನಮ್ಮ ಗಣೇಶ ಹಬ್ಬ ಇಲ್ಲಿ ಮಾಮೂಲಿ ಕೆಲಸದ ದಿನ. ರಜೆಗೆ ಮೊದಲೇ ಅರ್ಜಿ ಹಾಕಿ, ಇಲ್ಲವೇ ಭಾನುವಾರಕ್ಕೆ ಮುಂದೂಡಿ ಎಲ್ಲರೂ ಸೇರಿ ಮಾಡಿ. ನವೆಂಬರ್ 1ರ ಸಂತರ ದಿನಕ್ಕೆ, ಈಸ್ಟರಿಗೆ ಮುಂಚಿನ ಪವಿತ್ರ ವಾರಕ್ಕೆ, ಕ್ರಿಸ್‌ಮಸ್ಸಿಗೆ ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಿ ಹಾಸ್ಟೆಲು ಬಿಕೋ ಎನ್ನುತ್ತದೆ. ಹೊಸಬರು ಕುಸಿಯುವುದು ಆ ದಿನಗಳಲ್ಲೇ. ಸಹೋದ್ಯೋಗಿ ಮನೆಗೆ ಕರೆದರೆ ಸಂಕೋಚವಿಲ್ಲದೆ ಹೋಗಿ. ಏನು ತಿನ್ನುವುದಿಲ್ಲವೆಂದು ಮೊದಲೇ ತಿಳಿಸಿ, ಒಂದು ಡಬ್ಬಿ ಚಿತ್ರಾನ್ನ ಒಯ್ಯಿರಿ.

ಅಪ್ಪ-ಅಮ್ಮನನ್ನು ಕರೆಸುವುದಾದರೆ ಜನವರಿ, ಫೆಬ್ರುವರಿ ತಂಪು. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರಿಗೆ 14 ದಿನ ವೀಸಾ ಬೇಡ, ಆದರೆ ಆ ಅವಧಿಯನ್ನು ವಿಸ್ತರಿಸುವುದಿಲ್ಲ. ಇಲ್ಲಿಗೆ ತಲುಪುವ ಮೊದಲಿನ 72 ಗಂಟೆಯೊಳಗೆ ಇಲ್ಲಿನ ಸರ್ಕಾರದ ಆನ್‌ಲೈನ್ ಇಟ್ರಾವೆಲ್ ನೋಂದಣಿಯನ್ನು ನೀವೇ ತುಂಬಿಕೊಟ್ಟು, ಅದರ ಕೋಡನ್ನು ಪ್ರಿಂಟ್ ಹಾಕಿಸಿ ಅಪ್ಪನ ಜೇಬಿನಲ್ಲಿಡಲು ಹೇಳಿ.