ಪಿಎಲ್‌ಎ ಹಾಳೆಗೆ ಬಿಸಿ ಕೊಡುವ ಕೆಲಸ: ನನ್ನ ಅನುಭವ

ಪಿಎಲ್‌ಎಯನ್ನು (ಲ್ಯಾಕ್ಟಿಕ್ ಆಮ್ಲದಿಂದ ಮಾಡುವ, ಕೊಳೆಯಬಲ್ಲ ಪ್ಲಾಸ್ಟಿಕ್) ಕರಗಿಸಿ, ಪ್ರೆಸ್‌ನಲ್ಲಿ ಒತ್ತಿ, ಕೂಡಲೇ ತಣ್ಣೀರಿಗೆ ಹಾಕಿದರೆ ಸಿಗುವುದು ಗಾಜಿನಂಥ ತಿಳಿ ಹಾಳೆ. ನೋಡೋಕೆ ಚೆಂದ, ಆದರೆ 60 ಡಿಗ್ರಿಗೆ ಬರುವಷ್ಟರಲ್ಲಿ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕರಗುವುದು ಮಾತ್ರ 150–180ರ ಹತ್ತಿರ. ಈ ಎರಡರ ನಡುವೆ ಎಲ್ಲೋ ಒಂದು ಕಡೆ ಬಿಸಿ ಹಿಡಿದು ಹರಳು ಬೆಳೆಸುವುದೇ, ಅಂದರೆ ಒಳಗಿನ ಉದ್ದನೆಯ ಅಣುಸರಪಳಿಗಳು ಸಾಲಾಗಿ ಜೋಡಿಸಿಕೊಳ್ಳುವಂತೆ ಮಾಡುವುದೇ ನಾನು ಮಾಡುವ ಕೆಲಸ.

ಎಲ್ಲಿ ಹಿಡಿಯಬೇಕು ಅನ್ನುವುದೇ ಮುಖ್ಯ. 60ರ ಆಸುಪಾಸಿನಲ್ಲಿ ಸರಪಳಿಗಳು ಅಲುಗಾಡುವುದೇ ಕಷ್ಟ. 150ರ ಹತ್ತಿರ ಹೋದರೆ ಜಾಸ್ತಿ ಅಲುಗಾಡುತ್ತವೆ, ಹರಳಿನ ಬೀಜ ನಿಲ್ಲುವುದಿಲ್ಲ. 100ರಿಂದ 120ರ ಒಳಗೆ ಕೆಲಸ ಎಲ್ಲಕ್ಕಿಂತ ಬೇಗ ಆಗುತ್ತದೆ. ನಾನು ಸಾಮಾನ್ಯವಾಗಿ 110ಕ್ಕೆ ಇಡುತ್ತೇನೆ. ಹಾಳೆಯನ್ನು ಎರಡು ಲೋಹದ ತಟ್ಟೆಗಳ ನಡುವೆ ಇಡಲೇಬೇಕು, ಇಲ್ಲದಿದ್ದರೆ ಕುಗ್ಗಿ ಮುದುಡಿಕೊಳ್ಳುತ್ತದೆ. ಹೊರಗೆ ತೆಗೆದಾಗ ಹಾಳೆ ಹಾಲಿನಂತೆ ಬೆಳ್ಳಗಾಗಿದ್ದರೆ ಹರಳು ಕೂತಿದೆ ಎಂದೇ ಅರ್ಥ. ಹರಳಿಗೆ ಬೀಜವಾಗುವ ಟಾಲ್ಕ್ ಪುಡಿಯನ್ನು ಒಂದು ಶೇಕಡಾದಷ್ಟು ಸೇರಿಸಿದರೆ ಕಾಯುವ ಹೊತ್ತು ತುಂಬ ಇಳಿಯುತ್ತದೆ. ಆದರೆ ಡಿ-ಲ್ಯಾಕ್ಟಿಕ್ (ಲ್ಯಾಕ್ಟಿಕ್ ಆಮ್ಲದ ಕನ್ನಡಿ ರೂಪ, ಸರಪಳಿಯ ಸಾಲು ಕೆಡಿಸುತ್ತದೆ) ಪಾಲು ಜಾಸ್ತಿ ಇರುವ ಗ್ರೇಡ್ ತಂದು ಎಷ್ಟು ಬಿಸಿ ಕೊಟ್ಟರೂ ಸುಮ್ನೆ ಕರೆಂಟು ದಂಡ.

ಕಣ್ಣಿಗೆ ಬಿಳಿ ಕಂಡರೆ ಸಾಲದು, ಡಿಎಸ್‌ಸಿ ಯಂತ್ರಕ್ಕೆ (ಬಿಸಿ ಮಾಡುತ್ತಾ ಮಾದರಿ ಎಷ್ಟು ಶಾಖ ಹೀರುತ್ತದೆ, ಬಿಡುತ್ತದೆ ಎಂದು ಅಳೆಯುವುದು) ಹಾಕಿ ನೋಡುತ್ತೇನೆ. ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿ ಏರಿಸುತ್ತಾ ಹೋದಾಗ ತಿಳಿ ಹಾಳೆಯ ಗೆರೆಯಲ್ಲಿ ಮೊದಲು ಮೆತ್ತಗಾಗುವ ಒಂದು ಮೆಟ್ಟಿಲು, ಆಮೇಲೆ ಶಾಖ ಹೊರಗೆ ಬರುವ ಒಂದು ಗುಡ್ಡ, ಕೊನೆಗೆ ಕರಗುವ ಗುಂಡಿ. ಆ ಗುಡ್ಡ ಅಂದರೆ ಮಾದರಿ ಯಂತ್ರದೊಳಗೇ ಹರಳಾಗುತ್ತಿದೆ. ಅದನ್ನು ಕರಗುವ ಶಾಖದಿಂದ ಕಳೆದು, ಉಳಿದದ್ದನ್ನು ಗ್ರಾಂಗೆ 93 ಜೂಲ್‌ನಿಂದ (ಪೂರ್ತಿ ಹರಳಾದ ಪಿಎಲ್‌ಎ ಕರಗಲು ಬೇಕಾಗುವ ಶಾಖ) ಭಾಗಿಸಬೇಕು. ಆಗ ಹಾಳೆಯಲ್ಲಿ ಎಷ್ಟು ಶೇಕಡಾ ಹರಳಿದೆ ಎಂದು ತಿಳಿಯುತ್ತದೆ. ಕಳೆಯದೆ ಹೋದರೆ ಹರಳೇ ಇಲ್ಲದ ಹಾಳೆಗೂ ಭರ್ಜರಿ ಶೇಕಡಾ ಬರುತ್ತದೆ! ಸರಿಯಾಗಿ ಬಿಸಿ ಕಂಡ ಹಾಳೆಯಲ್ಲಿ ಈ ಗುಡ್ಡ ಪೂರ್ತಿ ಮಾಯ.

ಇನ್ನೊಂದು ಸಣ್ಣ ಗುರುತು ನನಗೆ ತುಂಬ ಇಷ್ಟ. 80–90ರಲ್ಲಿ ಇಟ್ಟ ಹಾಳೆಗೆ ಕರಗುವ ಸ್ವಲ್ಪ ಮೊದಲು ಪುಟ್ಟ ಉಬ್ಬೊಂದು ಬರುತ್ತದೆ. ಕಡಿಮೆ ಬಿಸಿಯಲ್ಲಿ ಆಗುವುದು ಸಡಿಲ ಜೋಡಣೆಯ ಆಲ್ಫಾ-ಪ್ರೈಮ್ ಹರಳು. ಅದು ಕರಗುವ ಮೊದಲು ಬಿಗಿಯಾದ ಆಲ್ಫಾಗೆ ತಿರುಗುತ್ತದೆ. 120ರಲ್ಲಿ ಇಟ್ಟ ಹಾಳೆಯಲ್ಲಿ ಆ ಉಬ್ಬು ಕಾಣುವುದಿಲ್ಲ. ಎರಡರ ಶೇಕಡಾ ಹತ್ತಿರಹತ್ತಿರ ಬಂದರೂ ಒಳಗಿನ ಹರಳು ಬೇರೆಯೇ, ಅಲ್ವಾ?

ಹರಳು ಕೂತ ಮೇಲೆ ಹಾಳೆ ಬಿಸಿ ತಡೆಯುತ್ತದೆ, ಬದಲಿಗೆ ತಿಳಿತನ ಹೋಗುತ್ತದೆ. ಕೊಳೆಯುವುದೂ ನಿಧಾನ. ನೀರು ಮೊದಲು ನುಗ್ಗಿ ಸರಪಳಿ ಕತ್ತರಿಸುವುದು ಹರಳಿಲ್ಲದ ಜಾಗದಲ್ಲಿ, ಹರಳು ಕೊನೆವರೆಗೂ ಉಳಿದುಕೊಳ್ಳುತ್ತದೆ. ಅದಕ್ಕೇ ಕೊಳೆಯುತ್ತಿರುವ ಮಾದರಿಯನ್ನು ಅಳೆದರೆ ಹರಳಿನ ಶೇಕಡಾ ಏರಿದಂತೆ ಕಾಣುವುದುಂಟು. ಬಿಸಿ ಪದಾರ್ಥ ಹಾಕದ, ಬೇಗ ಗೊಬ್ಬರವಾಗಬೇಕಾದ ವಸ್ತುವಾದರೆ ನಾನು ಓವನ್ ಹತ್ತಿರವೂ ಹೋಗುವುದಿಲ್ಲ.